ಕಿವಿ ಇದ್ದದ್ದು ಭತ್ತ

ಈಗ ಆಳೆತ್ತರದ ಕಬ್ಬು ನಿಂತಿರುವ ನಮ್ಮ ಹೊಲದಲ್ಲಿ ಆಗ ಭತ್ತ ಇತ್ತು. ಕಿತ್ತೂರಿಗೂ ಎಂ.ಕೆ. ಹುಬ್ಬಳ್ಳಿಗೂ ನಡುವಿನ ಊರುಗಳ ಹಳಬರಿಗೆ ಇದು ಹೊಸ ಮಾತಲ್ಲ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಭತ್ತ ಅಂದರೆ ನೀರು ನಿಲ್ಲಿಸಿ ನಾಟಿ ಹಚ್ಚುವ ಭತ್ತವಲ್ಲ. ಜೋಳ ಬಿತ್ತಿದ ಹಾಗೆ ಕೂರಿಗೆ ಹೂಡಿ, ಒಣ ಮಣ್ಣಿನಲ್ಲಿ ಸಾಲು ಸಾಲಾಗಿ ಬಿತ್ತುವ ಭತ್ತ. ರೋಹಿಣಿ ಮಳೆಗೆ ಬಿತ್ತಿದರೆ ಮಿರಗದ ಮಳೆ ಹಿಡಿಯುವಷ್ಟರಲ್ಲಿ ಹೊಲದ ತುಂಬ ಸೂಜಿಯಂಥ ಮೊಳಕೆ. ಅದರ ಜೊತೆಗೇ ಕಸವೂ ಏಳುತ್ತಿತ್ತು. ಭತ್ತಕ್ಕಿಂತ ಕಸಕ್ಕೇ ಅವಸರ ಹೆಚ್ಚು.

ಸಾಲಿನ ನಡುವಿನ ಕಸಕ್ಕೆ ಅಪ್ಪ ಎಡೆಕುಂಟೆ ಹೊಡೆಯುತ್ತಿದ್ದ. ಸಾಲಿನೊಳಗೇ ಭತ್ತದ ಮಗ್ಗುಲಿಗೆ ಒತ್ತಿಕೊಂಡು ಎದ್ದ ಕಸಕ್ಕೆ ಕುಂಟೆ ನಡೆಯುವುದಿಲ್ಲ. ಅದಕ್ಕೆ ಹೆಂಗಸರು ಕುಕ್ಕರಗಾಲಲ್ಲಿ ಕುಳಿತು, ಕೈಯಲ್ಲಿ ಕಸ ಕೆದಕುವ ಕುರ್ಚಿಗಿ ಹಿಡಿದು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಮುಂದೆ ಸರಿಯಬೇಕು. ನಿಮ್ಮಲ್ಲಿ ಯಾರಾದರೂ ಹಾಗೆ ಸಾಲು ಹಿಡಿದಿದ್ದರೆ ಸೊಂಟ ಈಗಲೂ ನೆನಪು ಮಾಡಿಕೊಡುತ್ತಿರಬೇಕು.

ನಾನು ಶಾಲೆಗೆ ಹೋದದ್ದು ಮೂರನೆಯ ಇಯತ್ತೆಯ ತನಕ. ಅಕ್ಷರಕ್ಕಿಂತ ಮೊದಲು ನಾನು ಕಲಿತದ್ದು ಕಸದ ಗುರುತು. ಕಲಿಸಿದವಳು ಆಯಿ, ಅಪ್ಪನ ಅವ್ವ. ಆಯಿಯ ಪಾಠದಲ್ಲಿ ಮುದ್ದು ಇರಲಿಲ್ಲ. ತಪ್ಪು ಗಿಡ ಕಿತ್ತರೆ ಅದೇ ಗಿಡದ ಬೇರಿನ ಮಣ್ಣಿನಿಂದ ಕೈಮೇಲೆ ಹೊಡೆಯುತ್ತಿದ್ದಳು. ದೊಡ್ಡದಾದ ಕಸ ಯಾರಿಗೂ ಗೊತ್ತಾಗುತ್ತದೆ, ಅದರಲ್ಲಿ ಜಾಣತನವಿಲ್ಲ, ಎರಡೆಲೆ ಇದ್ದಾಗ ಹಿಡಿಯಬೇಕು ಅನ್ನುತ್ತಿದ್ದಳು. ಬೆಳೆದ ಮೇಲೆ ಹಿಡಿಯುವುದು ಅಂದರೆ ಕಳ್ಳ ಉಂಡು ಕೈ ತೊಳೆದುಕೊಂಡ ಮೇಲೆ ಹಿಡಿದ ಹಾಗೆ.

ಜೇಕಿನ ದಂಟು ದುಂಡಗಿರುವುದಿಲ್ಲ, ಬೆರಳಲ್ಲಿ ಹೊರಳಿಸಿದರೆ ಮೂರು ಏಣು ತಾಗುತ್ತವೆ. ಮೇಲೆ ಹರಿದರೆ ನಾಳೆ ಮತ್ತೆ ಬರುತ್ತದೆ, ಮಣ್ಣೊಳಗಿನ ಗಡ್ಡೆಯ ಸಮೇತ ತೆಗೆಯಬೇಕು. ತೆಗೆದಾಗ ಆ ಗಡ್ಡೆಗೊಂದು ಘಮ ಇರುತ್ತಿತ್ತು, ಹಳೆಯ ಟ್ರಂಕು ತೆರೆದ ಹಾಗೆ. ಕನ್ನೆ ಸೊಪ್ಪನ್ನು ಕಿತ್ತು ಬದುವಿನ ಮೇಲೆ ಒಗೆದರೆ ಅಲ್ಲೇ ಬೇರು ಬಿಡುತ್ತದೆ, ಅದನ್ನು ಬಿಸಿಲಿರುವ ಕಲ್ಲಿನ ಮೇಲೆ ಒಗೆಯಬೇಕು. ಕಿರಕಸಾಲಿಯ ಮೊಳಕೆ ಕಂಡರೆ ಕೀಳಬಾರದು. ಅದು ತಿನ್ನುವ ಕಸ. ಎಳೆಯದಿದ್ದಾಗ ಬಿಟ್ಟು, ಎರಡನೆಯ ಸಲ ಕಸ ತೆಗೆಯಲು ಬಂದಾಗ ಕಿತ್ತು ಸೀರೆಯ ಉಡಿಗೆ ಹಾಕಿಕೊಳ್ಳಬೇಕು. ಉಡಿಗೆ ಬಿದ್ದದ್ದು ಕಸ ತೆಗೆದವಳ ಪಾಲು, ಹೊಲದ ಒಡೆಯ ಕೇಳುವ ಹಾಗಿಲ್ಲ. ಸಂಜೆ ಊರಿನ ಎಲ್ಲ ಒಲೆಗಳ ಮೇಲೂ ಅದೇ ಪಲ್ಯ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಓಣಿಯ ತುಂಬ.

ಇವೆಲ್ಲ ಸುಲಭ. ಕಷ್ಟದ್ದು ಒಂದೇ, ಭತ್ತದ ವೇಷ ಹಾಕಿಕೊಂಡು ಭತ್ತದ ಬುಡದಲ್ಲೇ ಏಳುವ ಹುಲ್ಲು. ನಮ್ಮಲ್ಲಿ ಅದಕ್ಕೆ ಕಳ್ಳ ಅಂತಲೇ ಕರೆಯುತ್ತಿದ್ದರು. ಬಣ್ಣ ಅದೇ, ಎತ್ತರ ಅದೇ. ತೆನೆ ಬಿಟ್ಟಾಗಲೇ ತಾನು ಯಾರು ಅಂತ ತೋರಿಸುತ್ತದೆ, ಅಷ್ಟರಲ್ಲಿ ಭತ್ತದ ಪಾಲು ಉಂಡು ಮುಗಿಸಿರುತ್ತದೆ. ಅದಕ್ಕೆ ಆಯಿ ಹೇಳಿಕೊಟ್ಟ ಗುರುತು ಇದು: ಎಲೆ ದಂಟನ್ನು ಕೂಡುವ ಜಾಗದಲ್ಲಿ ಭತ್ತಕ್ಕೆ ಸಣ್ಣ ಕಿವಿ ಇರುತ್ತವೆ, ನವಿರಾದ ಕೂದಲಿನ ಹಾಗೆ. ಕಳ್ಳನಿಗೆ ಅಲ್ಲಿ ಏನೂ ಇಲ್ಲ, ನುಣ್ಣಗೆ. ಕಿವಿ ಇದ್ದದ್ದು ಭತ್ತ, ಕಿವಿ ಇಲ್ಲದ್ದು ಕಳ್ಳ.

ಈ ಗುರುತಿನಲ್ಲಿ ನಮ್ಮ ಅಕ್ಕ ನೀಲವ್ವನನ್ನು ಮೀರಿಸಿದವರು ಊರಿನಲ್ಲಿ ಇರಲಿಲ್ಲ. ನಾನು ಆಗ ಗಿಡ್ಡ ಲಂಗದ ಹುಡುಗಿ, ಅವಳು ಮದುವೆಯ ವಯಸ್ಸಿಗೆ ಬಂದವಳು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ರೊಟ್ಟಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ ತಿಂದು ದೊಡ್ಡವರು ಅಡ್ಡಾದಾಗ ಅಕ್ಕ ನಮಗೆ ಒಂದು ಆಟ ಆಡಿಸುತ್ತಿದ್ದಳು. ಸೆರಗಿನಿಂದ ಕಣ್ಣು ಕಟ್ಟಿಕೊಂಡು, ಕೈಗೆ ಕೊಟ್ಟ ಮೊಳಕೆ ಯಾವುದು ಅಂತ ಹೇಳಬೇಕು. ನಾವು ಮೂಸುತ್ತಿದ್ದೆವು, ನೆಕ್ಕುತ್ತಿದ್ದೆವು, ಆದರೂ ತಪ್ಪುತ್ತಿದ್ದೆವು. ಅಕ್ಕ ಹೆಬ್ಬೆರಳಿನಿಂದ ಒಮ್ಮೆ ಸವರಿ ಹೇಳಿಬಿಡುತ್ತಿದ್ದಳು. ಅದು ಅವಳಿಗೆ ಆಟವಾಗಿರಲಿಲ್ಲ ಅಂತ ನನಗೆ ಗೊತ್ತಾದದ್ದು ಒಂದು ಬೆರ್ಚಪ್ಪನಿಂದ.

ಮಗ್ಗುಲ ಹೊಲದವರು ಹಕ್ಕಿ ಬೆದರಲಿ ಅಂತ ಕಟ್ಟಿಗೆಗೆ ಅಂಗಿ ತೊಡಿಸಿ, ಹಳೆಯ ರುಮಾಲು ಸುತ್ತಿ ನಿಲ್ಲಿಸಿದ್ದರು. ಅಕ್ಕ ತಲೆಯ ಮೇಲೆ ನೀರಿನ ಕೊಡ ಹೊತ್ತು ಹೋಗುತ್ತ ಸೆರಗು ಸರಿಮಾಡಿಕೊಂಡು, "ಸ್ವಲ್ಪ ಸರೀರಿ ಕಾಕಾ, ನೀರ ಚಲ್ತಾವ" ಅಂದಳು. ಬೆರ್ಚಪ್ಪ ಸರಿಯಲಿಲ್ಲ. ಅಕ್ಕ ನಿಂತಳು, ಕಾದಳು, ಮತ್ತೊಮ್ಮೆ ಹೇಳಿದಳು. ನಾನು ನಕ್ಕು ನಕ್ಕು ಬದುವಿನ ಮೇಲೆ ಉರುಳಿದೆ. ಅವಳು ನಗಲಿಲ್ಲ. ಹತ್ತಿರ ಬಂದು ನನ್ನ ರಟ್ಟೆ ಹಿಡಿದು, "ಯಾರಿಗೂ ಹೇಳಬ್ಯಾಡ ಚನ್ನೀ" ಅಂದಳು.

ಅವಳಿಗೆ ದೂರದ್ದು ಕಾಣುತ್ತಿರಲಿಲ್ಲ. ಮೂಗಿಗೆ ಹಿಡಿದರೆ ಎಲ್ಲ ಕಾಣುತ್ತಿತ್ತು, ಮಾರು ದೂರ ಹೋದರೆ ಮಬ್ಬು. ಎಲ್ಲರ ಎದುರು ಗಿಡವನ್ನು ಮೂಗಿಗೆ ಹಿಡಿಯುವ ಹಾಗಿಲ್ಲವಲ್ಲ, ಅದಕ್ಕೇ ಬೆರಳು ಕಲಿತಿತ್ತು. ಆಯಿಗೂ ಅವ್ವನಿಗೂ ಇದು ಮೊದಲೇ ಗೊತ್ತಿತ್ತು. ಬೆಳಗಾವಿಗೆ ಹೋದರೆ ಕಣ್ಣಿಗೆ ಹಾಕುವ ಚಾಳೀಸು ಸಿಗುತ್ತದೆ ಅಂತಲೂ ಗೊತ್ತಿತ್ತು. ಆದರೆ ಚಾಳೀಸು ಹಾಕಿದ ಹುಡುಗಿಯನ್ನು ಆಗ ಯಾರು ಮಾಡಿಕೊಳ್ಳುತ್ತಿದ್ದರು? ಮಾಸ್ತರರು ಹಾಕುತ್ತಿದ್ದರು, ಕುಲಕರ್ಣಿ ಹಾಕುತ್ತಿದ್ದ. ಮದುವೆಗೆ ಬಂದ ಒಕ್ಕಲಗಿತ್ತಿಯ ಮೂಗಿನ ಮೇಲೆ ಅದು ಕಂಡರೆ ಕುರುಡಿ ಅಂತ ಡಂಗುರ ಹೊಡೆಸಿದ ಹಾಗೆ. ಹಿಂದಿನ ವರ್ಷ ನೋಡಲು ಬಂದವರ ಮುಂದೆ ಅಕ್ಕ ಅವಲಕ್ಕಿಯ ತಾಟನ್ನು ವರನ ಕೈಗೆ ಕೊಡುವ ಬದಲು ಅವನ ಮಗ್ಗುಲಿನ ಗಾಳಿಗೆ ಕೊಟ್ಟಿದ್ದಳು. ಹುಡುಗಿ ಕೈ ಸಡಿಲು ಅಂತ ಹೇಳಿ ಅವರು ಎದ್ದುಹೋಗಿದ್ದರು. ಇನ್ನೊಂದು ಸಂಬಂಧ ಹೀಗೆ ತಪ್ಪಿದರೆ ಮಾತು ಊರೂರಿಗೆ ಹರಡುತ್ತದೆ, ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಅವ್ವ ಆ ಮಳೆಗಾಲವೆಲ್ಲ ಅದೊಂದನ್ನೇ ಕಡೆಯುತ್ತಿದ್ದಳು.

ಆ ಮಳೆಗಾಲದಲ್ಲೇ ಮುರಗೋಡದ ಕಡೆಯಿಂದ ಗಂಗವ್ವ ಬಂದಳು, ಮಗನಿಗೆ ಹೆಣ್ಣು ನೋಡಲಿಕ್ಕೆ. ಮಳೆಗಾಲದಲ್ಲಿ ಹೆಣ್ಣು ನೋಡುವ ಗಟ್ಟಿ ಅತ್ತೆಯರು ಮನೆಯಲ್ಲಿ ಕೂಡುತ್ತಿರಲಿಲ್ಲ. ಗಂಡಸರನ್ನು ಕಟ್ಟೆಯ ಮೇಲೆ ಬಿಟ್ಟು ನೆಟ್ಟಗೆ ಹೊಲಕ್ಕೆ ಬಂದು, ಹುಡುಗಿಯ ಮಗ್ಗುಲ ಸಾಲು ಹಿಡಿದು ಕೂಡುತ್ತಿದ್ದರು. ಗಂಗವ್ವನೂ ಹಾಗೇ ಬಂದಳು. ದೊಡ್ಡ ಆಳು, ದೊಡ್ಡ ಕುಂಕುಮ, ಸೊಂಟಕ್ಕೆ ಎಲೆಅಡಿಕೆಯ ಚಂಚಿ. ಅವ್ವ ಗಾಬರಿಯಾಗಿ, ಮನೆಗೇ ಹೋಗೋಣ, ಚಹಾ ಕುಡಿಯಿರಿ ಅಂದಳು.

"ಮನ್ಯಾಗ ಕುಂತ ನೋಡಿದ್ರ ಸೀರಿ ಕಾಣತೈತಿ, ಹುಡುಗಿ ಕಾಣೂದಿಲ್ಲ" ಅಂದಳು ಗಂಗವ್ವ. "ನನಗೂ ಒಂದ ಕುರ್ಚಿಗಿ ಕೊಡ್ರಿ."

ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಕುಳಿತೇಬಿಟ್ಟಳು. ಅವಳ ಎಡಕ್ಕೆ ಅಕ್ಕ, ಅಕ್ಕನ ಎಡಕ್ಕೆ ನಾನು. ಗಂಗವ್ವನ ಬಲಕ್ಕೆ ನಮ್ಮ ಓಣಿಯ ಲಗಮವ್ವ, ಅವಳ ಬಾಯಿಗೆ ಹೆದರಿ ಗಂಡಸರು ದಾರಿ ಬದಲಿಸುತ್ತಿದ್ದರು. ಹಿಂದಿನ ದಿನ ಮಳೆಯಾಗಿತ್ತು. ಮಣ್ಣು ಬೆಣ್ಣೆಯ ಹಾಗಿತ್ತು, ಎಳೆದರೆ ಬೇರು ಸಮೇತ ಬರುತ್ತಿತ್ತು.

ಗಂಗವ್ವನ ಕೈ ಭಾರಿ ಚುರುಕು. ನಮ್ಮೆಲ್ಲರಿಗಿಂತ ಮುಂದೆ ಹೋದಳು. ಹೋಗುತ್ತ ನಮ್ಮ ಭತ್ತವನ್ನು ಹೊಗಳಿದಳು, ನಡುವೆ ಬಿಳಿ ನರ ಎಷ್ಟು ಚಂದ ಎದ್ದಿದೆ, ಎಲೆ ಎಷ್ಟು ಅಗಲ ಅಂತ. ನಾನು ಆಗ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಭತ್ತದ ಮೊಳಕೆಗೆ ಬಿಳಿ ನರ ಎದ್ದು ಕಾಣುವುದಿಲ್ಲ. ಬಿಳಿ ನರ ಇರುವುದು ಜೋಳಕ್ಕೆ, ನಮ್ಮ ಹೊಲದಲ್ಲಿ ಕಳ್ಳನಿಗೆ. ಗಂಗವ್ವ ಎರೆಮಣ್ಣಿನವಳು, ಹುಟ್ಟಿದಾಗಿನಿಂದ ಜೋಳದ ಹೊಲ ಸ್ವಚ್ಛ ಮಾಡಿದವಳು. ಅವಳ ಕಣ್ಣಿಗೆ ಜೋಳದ ಹಾಗೆ ಕಂಡದ್ದು ಬೆಳೆ, ಉಳಿದದ್ದು ಕಸ. ಕಳ್ಳನನ್ನು ಒಂದೊಂದಾಗಿ ಕಾಪಾಡುತ್ತ, ಭತ್ತವನ್ನು ಹಿಡಿ ಹಿಡಿಯಾಗಿ ಕಿತ್ತು ಸಾಲಿನ ಈಚೆಗೆ ಒಗೆಯುತ್ತ ಹೊರಟಿದ್ದಳು.

ಒಗೆದದ್ದು ಬಿದ್ದದ್ದು ಅಕ್ಕನ ಕೈಬುಡಕ್ಕೇ. ಅಕ್ಕನ ಬೆರಳು ನಿಂತದ್ದು ನಾನು ನೋಡಿದೆ. ಒಂದು ಸಸಿ ಸವರಿದಳು, ಇನ್ನೊಂದು ಸವರಿದಳು. ಕೈ ಚಾಚಿ ಗಂಗವ್ವನ ಸಾಲನ್ನು ಸವರಿದಳು. ಹೇಳಿದರೆ ಅತ್ತೆಯಾಗುವವಳ ತಪ್ಪು ಎತ್ತಿ ಆಡಿದ ಹಾಗೆ, ಸಂಬಂಧ ಅಲ್ಲಿಗೆ ಮುಗಿಯಿತು. ಹೇಳದಿದ್ದರೆ ಸಾಲಿನ ಭತ್ತ ಮುಗಿಯಿತು. ಅಕ್ಕ ಎರಡನ್ನೂ ಮಾಡಲಿಲ್ಲ. ಕುರ್ಚಿಗಿಯ ತುದಿಯಿಂದ ಸಣ್ಣ ತೂತು ಮಾಡಿ, ಕಿತ್ತ ಭತ್ತವನ್ನು ಒಂದೊಂದಾಗಿ ವಾಪಸು ಹಚ್ಚಿ, ಹೆಬ್ಬೆರಳಿನಿಂದ ಮಣ್ಣು ಒತ್ತುತ್ತ ಗಂಗವ್ವನ ಹಿಂದೆ ಸರಿಯತೊಡಗಿದಳು. ಕೈ ಖಾಲಿಯಾದಾಗ ಗಂಗವ್ವ ಉಳಿಸಿದ ಕಳ್ಳನನ್ನೂ ಕಿತ್ತುಕೊಂಡಳು.

ಗಂಗವ್ವ ಎಲೆಅಡಿಕೆ ಉಗುಳಲು ಹಿಂದೆ ತಿರುಗಿದಳು.

"ಏನ ಹಚ್ಚಾಕ ಹತ್ತೀಯವಾ ಅಲ್ಲಿ?"

"ಭತ್ತರೀ."

"ಬಿತ್ತಿದ ಹೊಲದಾಗ ಮತ್ಯಾಕ ಹಚ್ಚತಿ?"

ಅಕ್ಕ ಕೈಯಲ್ಲಿದ್ದ ಸಸಿಯ ಬುಡಕ್ಕೆ ಮಣ್ಣು ಒತ್ತಿದಳು. "ನೀವು ಕಿತ್ತೀರಿ, ಅದಕ್ಕರೀ" ಅಂದಳು.

ಲಗಮವ್ವ ಸೆರಗಿನೊಳಗೆ ನಕ್ಕಳು. ಅವ್ವ ಕಣ್ಣಿನಲ್ಲೇ ಅಕ್ಕನನ್ನು ಬೈದಳು. ಅಕ್ಕನಿಗೆ ಅವ್ವನ ಕಣ್ಣು ಎಲ್ಲಿ ಕಾಣಬೇಕು.

"ನಾಕಾರು ಕೂರಿಗಿ ಹೊಲಾ ಒಬ್ಬಾಕಿನ ಸ್ವಚ್ಛ ಮಾಡೀನಿ" ಅಂದಳು ಗಂಗವ್ವ. "ನನಗ ಕಸಾ ಗೊತ್ತಿಲ್ಲ ಅಂತೀ?"

"ಜ್ವಾಳದ ಹೊಲದಾಗ ನನಗ ಗೊತ್ತಿಲ್ಲರಿ, ನಿಮಗ ಗೊತ್ತು. ಇದು ಭತ್ತದ ಹೊಲಾ." ಅಕ್ಕ ಎರಡು ಸಸಿ ಮುಂದೆ ಚಾಚಿದಳು. "ಎಲಿ ದಂಟಿಗೆ ಕೂಡತೈತಲ್ಲ, ಅಲ್ಲಿ ನೋಡ್ರಿ. ಭತ್ತಕ್ಕ ಕಿವಿ ಅದಾವ. ಇದಕ್ಕ ಇಲ್ಲ."

ಗಂಗವ್ವ ಸಸಿಗಳನ್ನು ತೆಗೆದುಕೊಂಡು ತೋಳು ಉದ್ದ ಮಾಡಿ ದೂರ ಹಿಡಿದಳು. ಹತ್ತಿರ ತಂದಳು, ಮತ್ತೆ ದೂರ ಒಯ್ದಳು. ವಯಸ್ಸಾದವಳು, ಹತ್ತಿರದ್ದು ಅವಳಿಗೆ ಕಾಣುತ್ತಿರಲಿಲ್ಲ. ಸವರಿ ನೋಡಿದಳು, ಬೆರಳು ದಪ್ಪ, ಏನೂ ತಿಳಿಯಲಿಲ್ಲ. ಆಯಿ ತನ್ನ ಸಾಲಿನಿಂದ ಎದ್ದು ಬಂದು ಎರಡೂ ಸಸಿ ಸವರಿ, ಹುಡುಗಿ ಹೇಳಿದ್ದು ಖರೆ ಅಂದಳು. ಸಂಬಂಧ ಹೋಯಿತು ಅಂತ ನಾನು ಮಣ್ಣು ಕೆದರುತ್ತ ಕುಳಿತೆ.

ಗಂಗವ್ವ ಹೊಟ್ಟೆ ಕುಣಿಯುವ ಹಾಗೆ ನಕ್ಕಳು.

"ಸೂಜಿ ಮೊನಿಯಷ್ಟ ಇಲ್ಲ, ಅದರಾಗ ಕಿವಿ ಕಂಡಾಳ ಈಕಿ. ಇಂಥಾ ಚುರುಕ ಕಣ್ಣ ನಾ ಎಲ್ಲೂ ನೋಡಿಲ್ಲ. ಈ ಕಣ್ಣ ನಮ್ಮ ಮನಿಗೆ ಬೇಕ್ರಿ."

ಅಲ್ಲೇ ಚಂಚಿ ಬಿಚ್ಚಿ ಎಲೆ, ಅಡಿಕೆ ತೆಗೆದು ಅಕ್ಕನ ಉಡಿಗೆ ಹಾಕಿದಳು. ಉಡಿಯಲ್ಲಿ ಬದುವಿನ ಮೇಲೆ ಕಿತ್ತ ಕಿರಕಸಾಲಿ ಇತ್ತು, ಅದರ ಮೇಲೇ ಬಿತ್ತು. ಹೆಂಗಸರೆಲ್ಲ ಗುಲ್ಲು ಮಾಡಿದರು. ಅಕ್ಕ ಅಡಿಕೆಯನ್ನು ಸವರುತ್ತ ನಿಂತಿದ್ದಳು.

ಮನೆಗೆ ಬರುವಾಗ ಗಂಗವ್ವ ಲಗಮವ್ವನ ಜೊತೆ ಮುಂದೆ ಹೋದಳು, ನಾವು ಹಿಂದೆ ಬಿದ್ದೆವು. ಅಕ್ಕ ಅವ್ವನ ಸೆರಗು ಹಿಡಿದು ಎಳೆದಳು.

"ಯವ್ವಾ, ಹೇಳಿಬಿಡೂಣು. ಅದು ಕಣ್ಣಲ್ಲ, ಬೆರಳ ಅಂತ."

"ಬಾಯಿ ಮುಚ್ಚು" ಅಂದಳು ಅವ್ವ. "ಮದಲ ಅಕ್ಕಿಕಾಳ ಬೀಳಲಿ. ಆಮ್ಯಾಲ ನೋಡೂಣು."

ಆಯಿ ಕೋಲು ಊರುತ್ತ ಬರುತ್ತಿದ್ದಳು. ಅವಳ ಮಾತನ್ನು ಅವ್ವ ಯಾವಾಗಲೂ ಕೇಳುತ್ತಿದ್ದಳು, ಅಂದು ಮಾತ್ರ ಕೇಳಲಿಲ್ಲ. "ಎರಡೆಲಿ ಇದ್ದಾಗ ಕೀಳವಾ" ಅಂದಳು ಆಯಿ. "ಬೆಳದ ಮ್ಯಾಲ ಕಿತ್ರ ಬೆಳಿನೂ ಸಂಗಾಟ ಬರತೈತಿ."

ಮದುವೆಯಾಯಿತು. ಹೋಳಿಗೆ ಉಂಡೆವು. ಅಕ್ಕ ಮುರಗೋಡದ ಕಡೆಗೆ ಹೋದಳು. ಚುರುಕು ಕಣ್ಣಿನ ಸೊಸೆ ಅಂತ ಗಂಗವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳಂತೆ. ಕಣ್ಣಿನ ಕೆಲಸವೆಲ್ಲ ಅಕ್ಕನಿಗೇ ಬಂತು. ಜೋಳದಲ್ಲಿ ಹಕ್ಕಿ ಕೂತಿದೆಯೇ ನೋಡು, ಹೆಸರಿನಲ್ಲಿ ಹುಳ ಬಿದ್ದಿದೆಯೇ ನೋಡು, ದಾರಿಯಲ್ಲಿ ಯಾರು ಬರುತ್ತಿದ್ದಾರೆ ನೋಡು. ಕಸ ತೆಗೆಯಲು ಕುಳಿತರೆ ಅಲ್ಲಿನ ಮಣ್ಣೇ ಬೇರೆ, ಮೊಳಕೆಗಳೇ ಬೇರೆ. ಅವಳ ಬೆರಳಿಗೆ ಅವುಗಳ ಪರಿಚಯವಿರಲಿಲ್ಲ. ಕಲಿಯಲು ಒಂದೆರಡು ಮಳೆಗಾಲ ಬೇಕಿತ್ತು, ಅಷ್ಟು ಪುರುಸೊತ್ತು ಯಾರು ಕೊಡುತ್ತಾರೆ.

ಒಂದು ದಿನ ಗಂಗವ್ವ ಕಣದಿಂದ ಕೂಗಿ, ಹೆಸರಿನ ಹೊಲದಲ್ಲಿ ದನ ಇವೆಯೇ ನೋಡು ಅಂದಳು. ಅಕ್ಕ ನೋಡಿ, ಇಲ್ಲ ಅಂದಳು. ಮಂದಿಯ ಎಮ್ಮೆ ಅಷ್ಟು ಹೊತ್ತಿಗೆ ಅರ್ಧ ಹೊಲ ಮೇಯ್ದಿತ್ತು. ಅಲ್ಲಿಗೆ ಎಲ್ಲ ಹೊರಬಿತ್ತು.

ಗಂಗವ್ವ ಕೆಟ್ಟವಳಲ್ಲ. ಹೊಡೆಯಲಿಲ್ಲ, ತಿರುಗಿ ಕಳಿಸಲಿಲ್ಲ. ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೆ ನಿಂತು ಅವ್ವನಿಗೆ ಒಂದೇ ಮಾತು ಹೇಳಿ ಹೋದಳು: "ಆಕಿ ಕಣ್ಣ ಮಂದ ಇದ್ದದ್ದಕ್ಕ ಸಿಟ್ಟಿಲ್ಲ. ನೀವು ನನ್ನ ಕಣ್ಣಾಗ ಮಣ್ಣ ಹಾಕಿದ್ರಿ." ಮತ್ತೆ ಎಂದೂ ನಮ್ಮ ಮನೆಯ ನೀರು ಕುಡಿಯಲಿಲ್ಲ. ಅಕ್ಕನನ್ನು ಹೊಲಕ್ಕೆ ಕಳಿಸುವುದನ್ನು ಬಿಟ್ಟಳು. ಒಲೆ ಮುಂದೆ ಕೂರಿಸಿದಳು, ಅಲ್ಲಿ ಕಣ್ಣಿನ ಕೆಲಸ ಕಡಿಮೆ ಅಂತ. ಅಕ್ಕನ ಜನ್ಮ ಅಲ್ಲೇ ಹೋಯಿತು, ಹತ್ತಿಕಟ್ಟಿಗೆಯ ಹೊಗೆಯಲ್ಲಿ ರೊಟ್ಟಿ ಬಡಿಯುತ್ತ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ತಾನೇ ಓಡಾಡುತ್ತಿತ್ತು. ತವರಿಗೆ ಬಂದಾಗ ನಾನು ಕಂಡಿದ್ದೇನೆ.

ಮಕ್ಕಳು ದೊಡ್ಡವರಾದ ಮೇಲೆ ಅವಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದರು. ಸಣ್ಣವಳಿದ್ದಾಗಲೇ ಚಾಳೀಸು ಹಾಕಿದ್ದರೆ ಜನ್ಮವೆಲ್ಲ ಕಂಡುಕೊಂಡು ಇರುತ್ತಿದ್ದಳು, ಈಗ ಒಳಗಿನ ಪರದೆಯೇ ಕೆಟ್ಟಿದೆ ಅಂದನಂತೆ ಆತ. ಅವ್ವ ಆಗ ಇನ್ನೂ ಇದ್ದಳು. ಸುದ್ದಿ ಕೇಳಿ ಆ ದಿನ ಊಟ ಬಿಟ್ಟಳು. ಅಕ್ಕಿ ಹಸನು ಮಾಡುತ್ತ ಕುಳಿತಾಗ, ಯಾರೂ ಕೇಳದಿದ್ದರೂ, "ಚಾಳೀಸ ಹಾಕಿಸಿ ಮನ್ಯಾಗ ಇಟಗೊಂಡಿದ್ರೂ ನಡೀತಿತ್ತು" ಅನ್ನುತ್ತಿದ್ದಳು. ನಡೆಯುತ್ತಿತ್ತು. ಒಳ್ಳೆಯ ವರನೂ ಸಿಗುತ್ತಿದ್ದನೋ ಏನೋ. ಆಗ ಯಾರಿಗೂ ಆ ಧೈರ್ಯವಿರಲಿಲ್ಲ.

ನನ್ನನ್ನು ಊರಿನಲ್ಲೇ ಸೋದರಮಾವನಿಗೆ ಕೊಟ್ಟರು, ಹಾಗಾಗಿ ನಾನು ಇಲ್ಲೇ ಉಳಿದೆ, ಎಲ್ಲ ನೋಡಿದೆ. ಮೊದಲು ನೀರು ಬಂತು, ಆಮೇಲೆ ಕಬ್ಬು. ಅಪ್ಪನ ಹೊಲದಲ್ಲಿ ತಮ್ಮನ ಮಕ್ಕಳು ಕಬ್ಬು ಹಚ್ಚಿದ್ದಾರೆ. ತಪ್ಪೇನಿಲ್ಲ, ಹೊಟ್ಟೆ ತುಂಬಿದೆ, ಮನೆಗೆ ಸ್ಲ್ಯಾಬು ಬಿದ್ದಿದೆ. ಕಸಕ್ಕೆ ಈಗ ಎಣ್ಣೆ ಹೊಡೆಯುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಒಬ್ಬ ಹೋದರೆ ಮುಗಿಯಿತು, ಯಾವುದು ಕಿರಕಸಾಲಿ, ಯಾವುದು ಜೇಕು ಅಂತ ಎಣ್ಣೆ ಕೇಳುವುದಿಲ್ಲ. ಸೊಸೆ ಕಿತ್ತೂರು ಸಂತೆಯಿಂದ ಪಲ್ಯದ ಸಿವುಡು ತರುತ್ತಾಳೆ. ಅವಳ ಮಗಳಿಗೆ ಚಾಳೀಸು ಇದೆ. ಅದನ್ನು ಹಾಕಿಕೊಂಡು ಕಾಲೇಜಿಗೆ ಹೋಗುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ಅದೊಂದು ಒಳ್ಳೆಯದಾಯಿತು. ಆದರೆ ಎರಡೆಲೆಯ ಗಿಡ ತೋರಿಸಿದರೆ ಆ ಹುಡುಗಿಗೆ ಎಲ್ಲವೂ ಹಸಿರು.

ಹೋದ ಪಂಚಮಿಗೆ ಅಕ್ಕ ಬಂದಿದ್ದಳು. ಈಗ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗುತ್ತದೆ. ಹೊಲಕ್ಕೆ ಹೋಗೋಣ ಅಂದಳು. ಕಬ್ಬಿನಲ್ಲಿ ಏನು ನೋಡುತ್ತಿ ಅಂದರೂ ಕೇಳಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋದೆ. ಕಾಲುವೆಯ ದಂಡೆಗೆ, ಎಣ್ಣೆ ತಾಗದ ಮೂಲೆಯಲ್ಲಿ, ಒಂದಿಷ್ಟು ಮೊಳಕೆ ಎದ್ದಿದ್ದವು. ಸೂಜಿಯಂಥ ಮೊಳಕೆ. ನನಗೆ ಹೋದ ವರ್ಷ ಕಣ್ಣಿನ ಆಪರೇಶನ್ ಆಗಿದೆ, ಚೆನ್ನಾಗಿ ಕಾಣುತ್ತದೆ. ಬಗ್ಗಿ ನೋಡಿದೆ. ಇಷ್ಟು ವರ್ಷವಾದ ಮೇಲೆ ಎಲ್ಲಿಂದಲೋ ಕಾಳು ಬಿದ್ದು ಭತ್ತ ಎದ್ದಿದೆ ಅಂದುಕೊಂಡೆ. ಅಕ್ಕನಿಗೆ ಹಾಗೇ ಹೇಳಿದೆ.

ಅಕ್ಕ ನನ್ನ ಭುಜ ಹಿಡಿದು ಮೆಲ್ಲಗೆ ಕುಕ್ಕರಗಾಲಲ್ಲಿ ಕುಳಿತಳು. ಕೈ ಚಾಚಿದಳು, ಸಿಗಲಿಲ್ಲ, ನಾನು ಅವಳ ಕೈಯನ್ನು ಮೊಳಕೆಯ ಮೇಲೆ ಇಟ್ಟೆ. ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಒಮ್ಮೆ ಸವರಿದಳು. ಎಲೆ ದಂಟನ್ನು ಕೂಡುವ ಜಾಗದಲ್ಲಿ ಬೆರಳು ನಿಂತಿತು.

"ಕಿವಿ ಇಲ್ಲ ಚನ್ನೀ" ಅಂದಳು. "ಕಳ್ಳ."

ಹಳೆಯ ರೂಢಿ, ನಾನು ಅದನ್ನು ಕೀಳಲು ಕೈ ಹಾಕಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ಇರಲಿ ಬಿಡು. ಈಗ ಯಾರ ಭತ್ತಾ ಕದೀತೈತಿ ಅದು."